ಫಿಲೊಮಿನಾ ಅಗೆದು ತಂದ ಬೇರು

ಫಿಲೊಮಿನಾ ಕರೀನ್ ತನ್ನ ದ್ವೀಪ ಬಿಟ್ಟಾಗ ಮನೆಯನ್ನೂ ಜೊತೆಗೇ ತಂದಳು. ನ್ಯೂಫೌಂಡ್‌ಲೆಂಡಿನ ಆ ಕೊಲ್ಲಿಯಲ್ಲಿ ಆಗ ಎಷ್ಟೋ ಜನ ಹಾಗೇ ಮಾಡಿದರು. ಶಾಲೆ ಮುಚ್ಚಿತ್ತು, ಪಾದ್ರಿಗಳು ಹೊರಟುಹೋಗಿದ್ದರು. ಇನ್ನು ಅಲ್ಲಿ ಇರುವುದಾದರೂ ಹೇಗೆ? ಮರದ ಮನೆಗೆ ಖಾಲಿ ಪೀಪಾಯಿ ಕಟ್ಟಿ, ಸಮುದ್ರದ ಮೇಲೆ ತೇಲಿಸಿ, ದೋಣಿಗಳಿಂದ ಎಳೆದು ಪಟ್ಟಣಕ್ಕೆ ತಂದರು. ಹಿಂದೆ ಉಳಿದದ್ದು ಗಂಡ ಗಸ್‌ನ ಸಮಾಧಿ, ಮತ್ತು ಅತ್ತೆ ಹೊಸ್ತಿಲ ಪಕ್ಕ ನೆಟ್ಟಿದ್ದ ರೂಬಾರ್ಬ್ ಗಿಡ. ಅದರ ಹುಳಿಹುಳಿ ಕೆಂಪು ದಂಟಿನ ಜಾಮ್ ಇಲ್ಲದೆ ಆ ಮನೆಯಲ್ಲಿ ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಡುಗೆಮನೆಯ ಕಿಟಕಿ ಅದೇ. ಆದರೆ ಸಮುದ್ರ ಕಾಣುತ್ತಿದ್ದ ಕಡೆ ಈಗ ಪಕ್ಕದವರ ಗೋಡೆ. ದ್ವೀಪದಲ್ಲಿ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ, ನೇರ ಒಳಗೇ ಬಂದುಬಿಡುತ್ತಿದ್ದರು. ಇಲ್ಲಿ ತಟ್ಟುವವರೂ ಇರಲಿಲ್ಲ.

ಎರಡು ಚಳಿಗಾಲ ಹೇಗೋ ಕಳೆಯಿತು. ಮಂಜು ಕರಗಿದ ಮೇಲೆ ಒಂದು ಬೆಳಿಗ್ಗೆ, ಗಸ್‌ನ ಜೊತೆ ಮೀನು ಹಿಡಿಯುತ್ತಿದ್ದ ಆಂಬ್ರೋಸ್ ದ್ವೀಪದ ಕಡೆಗೆ ದೋಣಿ ಬಿಡುವ ಹೊತ್ತಿಗೆ ಅವಳು ಸಲಿಕೆ ಹಿಡಿದು ಬಂದು ಹತ್ತಿ ಕೂತಳು.

"ಸಲಿಕೆ ಯಾಕೆ ಮಾರಾಯ್ತಿ? ಗಸ್‌ನ ಎಬ್ಬಿಸೋಕೆ ಹೊರಟ್ಯಾ?"

"ಬದುಕಿದ್ದಾಗ್ಲೇ ಎಬ್ಬಿಸೋಕೆ ಆಗ್ತಿರ್ಲಿಲ್ಲ ಅವನನ್ನ. ಸುಮ್ನೆ ದೋಣಿ ನಡ್ಸು."

ಮನೆ ಇದ್ದ ಕಡೆ ಅಡಿಪಾಯದ ಕಲ್ಲುಗಳಷ್ಟೇ ಇದ್ದವು. ಪಕ್ಕದಲ್ಲಿ ರೂಬಾರ್ಬ್ ಸುಕ್ಕುಸುಕ್ಕಾದ ಎಲೆ ಬಿಚ್ಚುತ್ತಿತ್ತು. ಸುತ್ತಲೂ ಅಗೆದಾಗ ತೋಳಿನಷ್ಟು ದಪ್ಪದ ಬೇರು ಕಂಡಿತು. ಅವಳು ನಡುವೆ ಸಲಿಕೆ ಊರಿ, ಮೇಲೆ ಕಾಲಿಟ್ಟು ಒತ್ತಿದಳು.

"ನೋಡ್ಕೊಂಡು ಕಡಿ," ಎಂದ ಆಂಬ್ರೋಸ್. "ಮೊಳಕೆ ಕಣ್ಣಿಲ್ಲದ ತುಂಡು ಬರೀ ಸೌದೆ."

"ಗೊತ್ತು. ಎರಡರಲ್ಲೂ ಕಣ್ಣಿದೆ."

"ಎರಡೂ ತಗೊಂಡ್ ಹೋಗು. ಇಲ್ಲಿ ಯಾರು ತಿಂತಾರೆ?"

ಅವಳು ಒಂದು ತುಂಡಿಗೆ ಮತ್ತೆ ಮಣ್ಣು ಮುಚ್ಚಿದಳು. ಇನ್ನೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡಳು. ಸಮಾಧಿಯ ಬಳಿ ಸ್ವಲ್ಪ ಹೊತ್ತು ನಿಂತು ದೋಣಿಗೆ ಇಳಿದಳು.

ಪಟ್ಟಣದ ಜಲ್ಲಿಮಣ್ಣಿಗೆ ಕಡಲಪಾಚಿ ಬೆರೆಸಿ, ಅದೇ ಹೊಸ್ತಿಲ ಅದೇ ಪಕ್ಕಕ್ಕೆ ನೆಟ್ಟಳು. ಇದ್ದ ಎಲೆಯೂ ಬಾಡಿ ಬಿತ್ತು.

"ಸತ್ತ ಗಿಡಕ್ಕೆ ಎಷ್ಟೂಂತ ನೀರು ಹಾಕ್ತೀರ್ರೀ? ಜಾಮ್ ಅಂಗಡೀಲೇ ಸಿಗುತ್ತಲ್ಲ," ಎಂದಳು ಬೇಲಿಯಾಚೆಯಿಂದ ಪಕ್ಕದ ಮನೆಯ ಬರ್ನಡೆಟ್.

ಫಿಲೊಮಿನಾ ನೀರು ಹಾಕುವುದನ್ನು ಬಿಡಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಮಣ್ಣು ಬಿರಿದು ಕೆಂಪು ಮೊಳಕೆಯೊಂದು ತಲೆ ಎತ್ತಿತು. ಅವಳು ಆಚೀಚೆ ನೋಡಿದಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮೊದಲ ವರ್ಷ ದಂಟು ಕೀಳಬಾರದು, ಕಾದಳು. ಕೊನೆಗೂ ಜಾಮ್ ಕುದಿಸಿದ ದಿನ ಆಂಬ್ರೋಸ್ ತಟ್ಟದೆ ಒಳಗೆ ಬಂದು, ಚಮಚ ಹಾಕಿ ಬಾಯಿಗಿಟ್ಟ.

"ನಿಮ್ಮತ್ತೆ ಇಷ್ಟು ಸಕ್ಕರೆ ಹಾಕ್ತಿರ್ಲಿಲ್ಲ."

"ನಿಮ್ಮಂಥ ಹುಳಿಮೋರೆಗಳಿಗೆ ಮಾಡ್ತಿದ್ರು, ಅದಕ್ಕೆ."

ಇಬ್ಬರೂ ನಕ್ಕರು. ಅವನು ಚಮಚ ನೆಕ್ಕುತ್ತಲೇ, ಮಗಳ ಜೊತೆ ಇರಲು ದೂರದ ಒಂಟಾರಿಯೊಗೆ ಹೋಗುತ್ತಿದ್ದೇನೆ ಎಂದ. ಅವನು ಹೊರಡುವ ದಿನ ಅವಳು ಗಿಡವನ್ನು ಮತ್ತೆ ಸೀಳಿ, ಕಣ್ಣಿದ್ದ ಒಂದು ತುಂಡನ್ನು ಗೋಣಿಯಲ್ಲಿ ಸುತ್ತಿ ಅವನ ಕೈಗಿಟ್ಟಳು. ದ್ವೀಪದ ದಿನಗಳ ಬಗ್ಗೆ ಮಾತಾಡಲು ಆ ಬೀದಿಯಲ್ಲಿ ಇನ್ನಾರೂ ಉಳಿಯಲಿಲ್ಲ.

ಮರುವರ್ಷ ಗಿಡ ತುಂಬಿಕೊಂಡು ಚಿಗುರಿತು. ಅವಳು ತನ್ನೊಬ್ಬಳಿಗೆ ಸಾಕಾಗುವಷ್ಟು ದಂಟು ಮಾತ್ರ ಕಿತ್ತಳು.