ಗೌರೀಶನ ದಪ್ಪಕ್ಷರ

ಬನಹಟ್ಟಿಯ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯ ಫ್ಲೆಕ್ಸ್ ಅಂಗಡಿಯಲ್ಲಿ ವೈಶಾಲಿ ಡಿಸೈನ್ ಮಾಡುತ್ತಾಳೆ. ಮದುವೆ, ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ, ತೀರಿಕೊಂಡವರ ಶ್ರದ್ಧಾಂಜಲಿ, ಎಲ್ಲವೂ ಅವಳ ಕೈಯಿಂದಲೇ ಹೋಗಬೇಕು. ಅವಳ ಅಣ್ಣ ಗೌರೀಶ ಮೊದಲು ಜಮಖಂಡಿಯಲ್ಲಿ ಬೋರ್ಡ್ ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕಟ್ಟಿಟ್ಟು, ಬನಹಟ್ಟಿಗೆ ಬಂದು ಪವರ್‌ಲೂಮ್ ಕೆಲಸ ಹಿಡಿದ.

ಬೋರ್ಡಿನ ಕಾಲದಲ್ಲಿ ಅವನಿಗೆ ಹೆಸರು ತಂದದ್ದು ಒಂದು ದಪ್ಪಕ್ಷರ. ಹಳೆಯ ಸರ್ಕಸ್ ಪೋಸ್ಟರುಗಳ ಇಂಗ್ಲಿಷ್ ಅಕ್ಷರಗಳಿಗೆ ಇಟ್ಟಿಗೆಯಂಥ ಚೌಕ ಪಾದ ಇರುತ್ತದಲ್ಲ, ಅದನ್ನು ನೋಡಿ ಆಸೆಪಟ್ಟಿದ್ದ. ಕನ್ನಡದ ಅಕ್ಷರ ದುಂಡಗೆ. ಕೆಳಗೆ ಪಾದ ಕೊಟ್ಟರೆ ಒತ್ತಕ್ಷರಕ್ಕೆ ಜಾಗ ಉಳಿಯುವುದಿಲ್ಲ. ಅದಕ್ಕೆ ಇಟ್ಟಿಗೆಯನ್ನು ತಲೆಕಟ್ಟಿಗೆ ಏರಿಸಿದ. ದಪ್ಪ ಗೆರೆಯೊಳಗೆ ಬಿಳಿ ಹೂಬಳ್ಳಿ ಬಿಡಿಸಿ, ಬಲಕ್ಕೆ ನೆರಳು ಕೊಟ್ಟ. ಮುಧೋಳದ ಕುಸ್ತಿ ಪೋಸ್ಟರಿಗೆ, ಬೀಳಗಿಯ ಕಿರಾಣಿ ಅಂಗಡಿಗೆ, ದೂರದಿಂದ ಓದಬೇಕಾದದ್ದಕ್ಕೆಲ್ಲ ಅದೇ. ಆದರೆ ಹೆಸರನ್ನಷ್ಟೇ ಅದರಲ್ಲಿ ಬರೆಯುತ್ತಿದ್ದ. ವಿಳಾಸ, ಫೋನ್ ನಂಬರು ಸಾದಾ ಅಕ್ಷರದಲ್ಲಿ. ಸಾಲುಗಟ್ಟಲೆ ಬರೆದರೆ ಓದುವವರ ಕಣ್ಣು ದಣಿಯುತ್ತದೆ ಅನ್ನುತ್ತಿದ್ದ.

ವೈಶಾಲಿ ಅವನಿಂದ ಇಡೀ ವರ್ಣಮಾಲೆಯನ್ನು ಹಾಳೆಯ ಮೇಲೆ ಬರೆಸಿ, ಸ್ಕ್ಯಾನ್ ಮಾಡಿ, ರಜೆಯ ದಿನಗಳಲ್ಲಿ ಕೂತು ಫಾಂಟ್ ಮಾಡಿಕೊಂಡಳು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಗೌರೀಶ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಫೋನ್ ಬಂದಾಗ ವೈಶಾಲಿ ತೇರದಾಳದ ಜ್ಯೂಸ್ ಅಂಗಡಿಯೊಂದರ ಬ್ಯಾನರ್ ಮಾಡುತ್ತಿದ್ದಳು. ಅದನ್ನು ಮುಗಿಸಿ, ಪ್ರಿಂಟಿಗೆ ಕೊಟ್ಟು, ಕೈ ತೊಳೆದುಕೊಂಡು ಹೊರಟಳು. ಯಾಕೆ ಮುಗಿಸಿದೆ ಅಂತ ಆಮೇಲೆ ಅವಳಿಗೂ ಹೇಳಲು ಬರಲಿಲ್ಲ.

ಗೌರೀಶನ ಓಣಿಯವರು ಮನೆಯ ಮುಂದಿನ ಮೂಲೆಯಲ್ಲಿ ಶ್ರದ್ಧಾಂಜಲಿ ಬ್ಯಾನರ್ ಹಾಕಬೇಕೆಂದರು. ಬೇರೆಯವರು ಮಾಡುತ್ತಾರೆ ಬಿಡು ಅಂದರೂ ಕೇಳದೆ, ಮಣ್ಣಾದ ಮರುದಿನ ಅವಳೇ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಇಂಥದ್ದಕ್ಕೆ ಯಾವಾಗಲೂ ಬಳಸುವ ತೆಳು ಅಕ್ಷರದಲ್ಲಿ ಹೆಸರು ಟೈಪ್ ಮಾಡಿದಳು. ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು. ದಪ್ಪಕ್ಷರಕ್ಕೆ ಬದಲಿಸಿದಳು.

ಬ್ಯಾನರ್ ಕಟ್ಟುವಾಗ ಕಾಕಾ ಶಂಕರೆಪ್ಪ ನಿಂತು ನೋಡಿ, ಇದು ಕುಸ್ತಿ ಪೋಸ್ಟರ್ ಇದ್ದಂಗ ಕಾಣತೈತಿ, ಮಂದಿ ಏನಂದಾರು ಅಂದರು. ಬಾಗಿಲಲ್ಲಿ ನಿಂತಿದ್ದ ಗೌರೀಶನ ಹೆಂಡತಿ ಕಾವ್ಯ ಮೆಲ್ಲಗೆ ಹೇಳಿದಳು.

"ಇರಲಿ ಬಿಡ್ರಿ. ಅವರ ಅಕ್ಷರ ಐತಿ."

ನೋಡಿದವರಿಗೆ ಆ ಬ್ಯಾನರ್ ಹಿಡಿಸಿತು. ರಬಕವಿಯವರೊಬ್ಬರು ತಮ್ಮ ತಾಯಿಯ ಶ್ರದ್ಧಾಂಜಲಿಗೆ ಅದೇ ಅಕ್ಷರ ಬೇಕೆಂದು ಬಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಕೇಳಿದವರಿಗೆಲ್ಲ ಮಾಡಿಕೊಟ್ಟಳು. ಮಳೆಗಾಲ ಮುಗಿಯುವಷ್ಟರಲ್ಲಿ ಊರಿನಲ್ಲಿ ತೀರಿಕೊಂಡವರ ಹೆಸರುಗಳೆಲ್ಲ ಆ ಅಕ್ಷರದಲ್ಲೇ ಕಾಣತೊಡಗಿದವು.

ದೀಪಾವಳಿಗೆ ಸೀರೆ ಅಂಗಡಿಯ ನೀಲಕಂಠ ಬ್ಯಾನರ್ ಮಾಡಿಸಲು ಬಂದ. ಹಿಂದೆ ಗೌರೀಶನಿಂದಲೇ ಬೋರ್ಡ್ ಬರೆಸಿದವನು. ಅದೇ ಇರಲಿ ಎಂದು ವೈಶಾಲಿ ಅಂಗಡಿಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ತೋರಿಸಿದಳು. ಅವನು ಮುಖ ಸಣ್ಣದು ಮಾಡಿದ.

"ಇದ ಬ್ಯಾಡವಾ ವೈಶಾಲಿ. ಈಗ ಇದು ಸತ್ತವರ ಅಕ್ಷರ ಆಗೇತಿ."

ಅವಳು ಬೇರೆ ಫಾಂಟ್ ಹಾಕಿದಳು. ಬೇಸರವಾಗಬೇಕಿತ್ತು. ಆಗಲಿಲ್ಲ. ಬಣ್ಣ ಯಾವುದಿರಲಿ ಅಂತ ಕೇಳಿದಳು.

ಅದೇ ಹೊತ್ತಿಗೆ ಕಾವ್ಯ ಒಣಗಿಸಿಟ್ಟ ಜೋಳದ ಕಟಕ್ ರೊಟ್ಟಿ ಮಾಡಿ ಪಾಕೀಟಿನಲ್ಲಿ ಮಾರಲು ಶುರು ಮಾಡಿದ್ದಳು. ಲೇಬಲ್ ಬೇಕು, ಅವರ ಅಕ್ಷರದಲ್ಲೇ ಇರಲಿ ಅಂದಳು. ವೈಶಾಲಿ ನೀಲಕಂಠ ಅಂದದ್ದನ್ನು ಹೇಳಿ, ತಿನ್ನುವ ಪದಾರ್ಥದ ಮೇಲೆ ಅದನ್ನು ಹಾಕಿದರೆ ಯಾರೂ ಕೊಳ್ಳುವುದಿಲ್ಲ ವೈನಿ ಅಂದಳು. ಕಾವ್ಯ ಹಿಟ್ಟು ನಾದುತ್ತಲೇ ಕೇಳಿದಳು.

"ಸತ್ತವರ ಹೆಂಡತಿ ಬಡಿದ ರೊಟ್ಟಿ ತಿಂತಾರಲ್ಲ. ಅಕ್ಷರಕ್ಕೇನ ಆಗೇತಿ?"

ವೈಶಾಲಿ ಎದ್ದು ಅಂಗಡಿಗೆ ಹೋದಳು. ಲೇಬಲ್ ಮಾಡಲು ಕೂತಳು. ಆದರೆ ಅಂಗೈಯಗಲದ ಚೀಟಿಯಲ್ಲಿ ಹೂಬಳ್ಳಿ ಮುಚ್ಚಿಹೋಗಿ, ಹೆಸರು ಮಸಿಯ ಕಲೆಯ ಹಾಗೆ ಬಿತ್ತು. ಬಳ್ಳಿ ತೆಗೆದಳು, ನೆರಳು ತೆಗೆದಳು, ಗೆರೆ ತೆಳು ಮಾಡಿ ಒಂದೊಂದೇ ಅಕ್ಷರ ಮತ್ತೆ ಬಿಡಿಸಿದಳು. ತಲೆಕಟ್ಟಿನ ಇಟ್ಟಿಗೆ ಮಾತ್ರ ಉಳಿಸಿದಳು. ಅಣ್ಣನ ಗೆರೆಯ ಮೇಲೆ ಮೌಸ್ ಆಡಿಸುವಾಗಲಾದರೂ ಅಳು ಬಂದೀತೆಂದುಕೊಂಡಿದ್ದಳು. ಕುತ್ತಿಗೆ ನೋಯಿತು, ಅಷ್ಟೇ.

ಈಗ ಕಾವ್ಯಳ ರೊಟ್ಟಿ ಜಮಖಂಡಿಯ ಅಂಗಡಿಗಳಿಗೂ ಹೋಗುತ್ತದೆ. ಲೇಬಲ್ ನೋಡಿ ಯಾರೂ ಏನೂ ಅಂದಿಲ್ಲ. ಶ್ರದ್ಧಾಂಜಲಿಗೆ ಬಳ್ಳಿಯ ಅಕ್ಷರ ಕೇಳುವವರು ಕೇಳುತ್ತಲೇ ಇದ್ದಾರೆ, ವೈಶಾಲಿ ಅದನ್ನೂ ಮಾಡಿಕೊಡುತ್ತಾಳೆ. ಮಾರಲು ಬಾರದ ಮುರುಕು ರೊಟ್ಟಿಗಳನ್ನು ಕಾವ್ಯ ಅವಳಿಗೆ ಕಟ್ಟಿಕೊಡುತ್ತಾಳೆ. ಮಧ್ಯಾಹ್ನ ಪ್ರಿಂಟರ್ ಓಡುತ್ತಿರುವಾಗ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ವೈಶಾಲಿ ಅವನ್ನೇ ಉಣ್ಣುತ್ತಾಳೆ.