ಕಡಲಿರುವ ಕಡೆಯೇ ಪಡುವಣ

ಸಿಂಗಪುರದ ಚೋವಾ ಚು ಕಾಂಗಿನ ನಮ್ಮ ಮನೆಯ ಊಟದ ಮೇಜಿಗೆ ಹಾಸಿರುವ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಹಳೆಯ ಕಾಲದ ಭೂಪಟವೊಂದು ಅಚ್ಚಾಗಿದೆ. ಯುರೋಪಿನ ನಾವಿಕರ ಭ್ರಮೆಗಳೆಲ್ಲ ಅದರಲ್ಲಿ ಭದ್ರವಾಗಿವೆ: ಕ್ಯಾಲಿಫೋರ್ನಿಯಾ ಒಂದು ದ್ವೀಪ, ದಕ್ಷಿಣದ ತುಂಬ ಯಾರೂ ಕಾಣದ ಮಹಾಖಂಡ, ಕಡಲಿನ ನಡುವೆ ಹಡಗು ನುಂಗಲು ಬಾಯ್ದೆರೆದ ಮೀನು. ಸಿಂಗಪುರ ಇರಬೇಕಾದ ಜಾಗದಲ್ಲಿ ಮಾತ್ರ ಏನೂ ಇಲ್ಲ. ಅಲ್ಲಿ ನಾನು ಚೆಲ್ಲಿದ ತೊವ್ವೆಯ ಹಳದಿ ಕಲೆಯೊಂದಿದೆ.

ಈ ನಾವಿಕರ ಪೈಕಿ ಒಬ್ಬನನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಹಿಂದೂಸ್ಥಾನ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟು ಬೇರೆಯದೇ ಖಂಡಕ್ಕೆ ತಾಗಿದವನು. ನೀವೂ ಶಾಲೆಯಲ್ಲಿ ಓದಿದ್ದೀರಿ. ಭೂಮಿಯನ್ನು ಇರುವುದಕ್ಕಿಂತ ಚಿಕ್ಕದೆಂದು ಲೆಕ್ಕ ಹಾಕಿದ. ಕ್ಯೂಬಾ ದ್ವೀಪವಲ್ಲ, ಏಷ್ಯಾದ ನೆಲವೇ ಎಂದು ತನ್ನವರಿಂದ ಆಣೆ ಹಾಕಿಸಿದ. ಸಿಹಿನೀರಿನ ಮಹಾನದಿಯೊಂದನ್ನು ಕಂಡು ಇದು ಸ್ವರ್ಗದಿಂದಲೇ ಇಳಿದದ್ದೆಂದು ಬರೆದ. ಕೊನೆಯುಸಿರಿನವರೆಗೂ ತಾನು ಏಷ್ಯಾದ ಹೊಸ್ತಿಲು ಮುಟ್ಟಿದೆನೆಂದೇ ನಂಬಿದ್ದನಂತೆ. ಎಂಥ ಪುಣ್ಯವಂತ! ಅವನ ಹಡಗಿನಲ್ಲಿ ಫೋನು ಹಿಡಿದ ನನ್ನ ಮಗಳಿರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಪಡುವಣವೆಂದರೆ ಕಡಲು, ಮೂಡಣವೆಂದರೆ ಗುಡ್ಡ; ಬಾವಿಯ ಹಗ್ಗ ಎಲ್ಲಿದೆಯೆಂದು ಕೇಳಿದರೂ ‘ಪಡುಬದಿಯಲ್ಲಿ’ ಎನ್ನುವ ಜನ ನಾವು. ಕಳೆದ ವರ್ಷ ಅಮ್ಮ ತೀರಿಕೊಂಡಾಗ ನನಗೆ ವಿಮಾನ ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಅಣ್ಣ ಮಲ್ಪೆಯ ಕಡಲಿನಲ್ಲಿ ಅಸ್ಥಿ ಬಿಟ್ಟಾಗಿತ್ತು. ಅಕ್ಕ ದಡದಲ್ಲಿದ್ದಳು, ನಾನಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮನ ಮಗ್ಗುಲಲ್ಲಿ ಮಲಗುವ ಜಾಗಕ್ಕಾಗಿ ಅಕ್ಕನ ಮೇಲೆ ಪಟ್ಟ ಅಸೂಯೆಯನ್ನೆಲ್ಲ ಒಟ್ಟು ಸೇರಿಸಿದರೂ ಅಂದಿನದಕ್ಕೆ ಸಮವಾಗದು. ಕೊನೆಯ ನೋಟವನ್ನೂ ಅವಳೇ ಬಾಚಿಕೊಂಡಳಲ್ಲ ಎಂದು ಉರಿದುಹೋದೆ.

ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ, ನಮ್ಮ ಬ್ಲಾಕಿನ ಕೆಳಗಿನ ಗಿಡದಿಂದ ಯಾರೂ ನೋಡದಂತೆ ಕಿತ್ತ ಒಂದು ಕೆಂಪು ದಾಸವಾಳವನ್ನು ಚೀಲದಲ್ಲಿಟ್ಟುಕೊಂಡು, ಎಂಆರ್‌ಟಿ ರೈಲು ಇಳಿದು ಬಸ್ಸು ಹತ್ತಿ, ಸಿಂಗಪುರದ ಇನ್ನೊಂದು ತುದಿಯ ಕಡಲತೀರಕ್ಕೆ ಹೋಗುತ್ತಿದ್ದೆ. ಕಡಲಿಗೆ ಮುಖಮಾಡಿ ನಿಂತು, ನೇರ ಎದುರಿಗೆ ಮಲ್ಪೆಯಿದೆ, ಅಲ್ಲಿ ಅಮ್ಮ ಇದ್ದಾಳೆ ಎಂದುಕೊಂಡು ಹೂ ತೇಲಿಬಿಡುತ್ತಿದ್ದೆ. ಸೂರ್ಯನನ್ನು ನೋಡಿಯಾದರೂ ತಿಳಿಯಬಾರದಿತ್ತೇ ಎನ್ನುತ್ತೀರಾ? ಆ ನಾವಿಕನಿಗೂ ಸೂರ್ಯನಿದ್ದ, ನಕ್ಷತ್ರಗಳೂ ಇದ್ದವು. ನಂಬಿಯೇ ತೀರುತ್ತೇನೆಂದು ಹೊರಟವರಿಗೆ ಅವೆಲ್ಲ ಅಡ್ಡ ಬರುವುದಿಲ್ಲ.

ಹೋದ ವಾರ ಜೊತೆಗೆ ಬಂದ ಮಗಳು, ಎತ್ತ ನೋಡಿ ಕೈಮುಗಿಯುತ್ತಿದ್ದೇನೆಂದು ಕೇಳಿದವಳೇ ಫೋನಿನಲ್ಲಿ ಮ್ಯಾಪ್ ತೆರೆದಳು. "ಅಮ್ಮಾ, ಅದು ಇಂಡೋನೇಷ್ಯಾ ಲಾ! ಇಂಡಿಯಾ ನಿನ್ನ ಹಿಂದೆ ಇದೆ. ಟೋಟಲಿ ರಾಂಗ್ ಸೈಡ್!"

ಅಯ್ಯೋ ದೇವರೇ! ಇಡೀ ಒಂದು ವರ್ಷ ಅಮ್ಮನಿಗೆ ಬೆನ್ನು ಹಾಕಿ ಅಮ್ಮನಿಗೇ ಹೂ ಕೊಟ್ಟಿದ್ದೆ. ಮನೆಗೆ ಬಂದವಳೇ ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಜಗಳವಾಯಿತು.

"ನಿಂಗೇನು ಅಕ್ಕ, ನೀನು ಕಣ್ಣಾರೆ ನೋಡಿದ್ದಿ. ನಂಗೆ ದಿಕ್ಕು ಕೂಡ ಸರಿ ಸಿಗ್ಲಿಲ್ಲ."

ಅಕ್ಕ ದನಿ ತಗ್ಗಿಸಿದಳು. "ನಾನೆಲ್ಲಿ ನೋಡಿದ್ದು ಮಾರಾಯ್ತಿ? ಅಣ್ಣ ನೀರಿಗೆ ಇಳಿದದ್ದೇ ತಡ, ನನ್ನತ್ರ ನೋಡ್ಲಿಕ್ಕೇ ಆಗ್ಲಿಲ್ಲ. ಎಲ್ಲ ಮುಗಿಯುವವರೆಗೆ ಕಡಲಿಗೆ ಬೆನ್ನು ಹಾಕಿ ನಿಂತಿದ್ದೆ. ಯಾರತ್ರವೂ ಹೇಳ್ಬೇಡ."

ಫೋನು ಇಟ್ಟು ಮೇಜಿನೆದುರು ಕೂತೆ. ಒಂದು ವರ್ಷದಿಂದ ನಾನು ಕರುಬುತ್ತ ಬಂದ ಆ ಕೊನೆಯ ನೋಟ ಅಕ್ಕನ ಬಳಿಯೂ ಇರಲಿಲ್ಲ. ನಕ್ಷೆಯ ಮೇಲೆ, ಸುಮಾರಾಗಿ ಮಲ್ಪೆ ಇರಬಹುದಾದಲ್ಲಿ ಬೆರಳಿಟ್ಟೆ. ಅಲ್ಲಿ ಕಡಲಿಗೆ ಬೆನ್ನು ಹಾಕಿದವರ ಮುಖ ಮೂಡಣಕ್ಕೆ. ಬೆರಳನ್ನು ಮೂಡಣಕ್ಕೆ ಎಳೆಯುತ್ತ ಹೋದೆ: ಗುಡ್ಡ ದಾಟಿತು, ಬಯಲು ದಾಟಿತು, ಇನ್ನೊಂದು ಕಡಲನ್ನೂ ದಾಟಿ ತೊವ್ವೆಯ ಹಳದಿ ಕಲೆಯ ಮೇಲೆ ಬಂದು ನಿಂತಿತು. ಆ ದಿನ ಅಕ್ಕ ನನ್ನ ಕಡೆಗೇ ಮುಖಮಾಡಿ ನಿಂತಿದ್ದಳು. ದಾರಿಯಲ್ಲಿ ಬೆರಳನ್ನು ತುಸು ಕೆಳಕ್ಕೆ ಬಾಗಿಸಿದ್ದು ನಾನೇ, ಮಗಳಿಗೆ ಹೇಳುವುದಿಲ್ಲ.