ಎಂಟನೆಯ ಮನೆಯ ಹಾಜರಿ

ಘಾಜಿಯಾಬಾದ್‌ನ ನಮ್ಮ ಕಟ್ಟಡದಲ್ಲಿ ಎಂಟು ಮನೆ. ತಾರಸಿಯ ತೊಟ್ಟಿಯಿಂದ ಹೊರಟ ಹಳೆಯ ಕಬ್ಬಿಣದ ಪೈಪೊಂದು ಎಂಟೂ ಅಡುಗೆಮನೆಗಳ ಗೋಡೆ ಹಿಡಿದು ಕೆಳಗಿಳಿಯುತ್ತದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಒಂದನೆಯ ಮನೆಯ ಸುಶೀಲಮ್ಮ ಅದನ್ನು ಸ್ಟೀಲ್ ಚಮಚದಿಂದ ಒಂದು ಸಲ ತಟ್ಟುತ್ತಾರೆ. ಎರಡನೆಯ ಮನೆಯವರು ಎರಡು ಸಲ, ಮೂರನೆಯವರು ಮೂರು ಸಲ, ಹೀಗೆ ಏಳರವರೆಗೆ. ಎಂಟನೆಯ ಮನೆ ಖಾಲಿ. ಯಾರ ಎಣಿಕೆ ಬರುವುದಿಲ್ಲವೋ ಅವರ ಬಾಗಿಲಿಗೆ ಸುಶೀಲಮ್ಮ ಹೋಗುತ್ತಾರೆ.

ಎರಡು ವರ್ಷದ ಹಿಂದೆ ಎಂಟನೆಯ ಮನೆಯಲ್ಲಿ ಗಿರಿಜಮ್ಮ ಒಬ್ಬರೇ ಇದ್ದರು. ಜನವರಿಯಲ್ಲಿ ತೀರಿಕೊಂಡರು, ಗೊತ್ತಾದದ್ದು ಮೂರನೆಯ ದಿನ. ಬಾಗಿಲಿಗೆ ನೇತುಹಾಕಿದ್ದ ಚೀಲದಲ್ಲಿ ಮೂರು ಹಾಲಿನ ಪ್ಯಾಕೆಟ್‌ಗಳಿದ್ದವು. ಬಟ್ಟೆ ಒಣಹಾಕಲು ತಾರಸಿಗೆ ಹೋದವರೆಲ್ಲ ಅದನ್ನು ನೋಡಿದ್ದೆವು. ಅವರ ಫೋನಿನಲ್ಲಿ ತೆರೆಯದ ನಲವತ್ತೊಂದು ಗುಡ್ ಮಾರ್ನಿಂಗ್ ಸಂದೇಶಗಳಿದ್ದವು. ಎರಡು ನನ್ನವು.

ಆ ವಾರವೇ ಸುಶೀಲಮ್ಮ ಖಾಲಿ ಬಿಸ್ಕತ್ತಿನ ಡಬ್ಬಿ ಹಿಡಿದು ಹೊರಟರು. ತಿಪಟೂರಿನವರು. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ಗಂಡನ ಜೊತೆ ದೆಹಲಿಗೆ ಬಂದು ನಲವತ್ತು ವರ್ಷವಾಗಿತ್ತು, ಗಂಡ ಈಗಿಲ್ಲ. ಎರಡೂ ಮಂಡಿಯಲ್ಲಿ ನೋವು. ಪ್ರತಿ ಮನೆಯಿಂದ ಮೂರು ವಿಷಯ ಕೇಳಿದರು: ಬೆಳಿಗ್ಗೆ ಪೈಪು ತಟ್ಟಬೇಕು, ಒಂದು ಹೆಚ್ಚುವರಿ ಬೀಗದ ಕೈ ಡಬ್ಬಿಗೆ ಹಾಕಬೇಕು, ಬಾಗಿಲಿಗೆ ಒಳಗಿನ ಮೇಲ್ಚಿಲಕ ಹಾಕಬಾರದು.

"ಆಂಟಿ, ವಾಟ್ಸಾಪ್ ಗ್ರೂಪ್ ಇದೆಯಲ್ಲ?" ಎಂದು ಐದನೆಯ ಮನೆಯ ಸಂದೀಪ್ ನಕ್ಕಿದ್ದ. ನೋಯ್ಡಾದ ಸಾಫ್ಟ್‌ವೇರ್ ಕಂಪನಿಯವನು.

"ಗಿರಿಜಂಗೂ ಅದು ಇತ್ತಲ್ಲಪ್ಪ," ಎಂದರು.

ಏಳು ಬೀಗದ ಕೈಗಳು ಡಬ್ಬಿಗೆ ಬೀಳಲು ನಾಲ್ಕು ತಿಂಗಳು ಹಿಡಿಯಿತು. ಪಕ್ಕದ ಬ್ಲಾಕಿನಲ್ಲಿದ್ದ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಅವರನ್ನು 'ಪೈಪ್‌ವಾಲೀ ಆಂಟಿ' ಎಂದು ಕರೆದ. ಪೈಪು ಬಡಿಯಕೂಡದೆಂದು ಮೆಟ್ಟಿಲ ಬುಡದಲ್ಲಿ ನೋಟಿಸ್ ಅಂಟಿಸಿದ. ಸುಶೀಲಮ್ಮ ಅದನ್ನು ದಿನವೂ ಓದಿ, ದಿನವೂ ತಟ್ಟಿದರು.

ಈ ಜನವರಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿಟಕಿಯಿಂದ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಏಳು ಪೆಟ್ಟು ಮುಗಿದವು. ಆಮೇಲೆ ನಿಧಾನವಾಗಿ ಎಂಟು ಪೆಟ್ಟು ಬಂದವು.

ಬಾಗಿಲು ತೆರೆದೆ. ಉಳಿದವರೂ ತೆರೆದಿದ್ದರು. ಮೇಲೆ ಹೋಗಿ ನೋಡಿದರೆ ಎಂಟನೆಯ ಮನೆಯ ಬೀಗದ ಮೇಲೆ ಜೇಡರ ಬಲೆ ಹಾಗೇ ಇತ್ತು.

ಮರುದಿನವೂ ಬಂತು, ಅದರ ಮರುದಿನವೂ. ನಾಲ್ಕನೆಯ ದಿನ, ನಮ್ಮ ಆರನೆಯ ಮನೆಯ ಪೆಟ್ಟನ್ನು ಹೆಂಡತಿ ಜಲಜಾಗೆ ಒಪ್ಪಿಸಿ, ಗಿರಿಜಮ್ಮನ ಸಂಬಂಧಿಕರು ಬಿಟ್ಟುಹೋಗಿದ್ದ ಬೀಗದ ಕೈಯನ್ನು ಸುಶೀಲಮ್ಮನ ಡಬ್ಬಿಯಿಂದ ಪಡೆದು ಒಳಗೆ ಹೋದೆ. ಧೂಳಿನ ಮೇಲೆ ನನ್ನ ಹೆಜ್ಜೆಗಳಷ್ಟೇ. ಅಡುಗೆಮನೆಯಲ್ಲಿ ಮಗುಚಿಟ್ಟ ಎರಡು ಲೋಟ, ಎರಡು ವರ್ಷ ಹಿಂದಿನ ಜನವರಿಯ ಕ್ಯಾಲೆಂಡರ್. ಪೈಪಿನ ಮೇಲೆ ಅಂಗೈ ಇಟ್ಟು ನಿಂತೆ. ಒಂದರಿಂದ ಏಳು ಬಂದವು. ಆಮೇಲೆ, ಆ ಖಾಲಿ ಅಡುಗೆಮನೆಯಲ್ಲಿ, ನನ್ನ ಅಂಗೈ ಕೆಳಗೇ ಎಂಟು ಪೆಟ್ಟು. ಕಬ್ಬಿಣದಲ್ಲಿ ಶಬ್ದ ಸೆಕೆಂಡಿಗೆ ಐದು ಕಿಲೋಮೀಟರ್ ಓಡುತ್ತದೆ. ಎಲ್ಲಿಂದ ಹೊರಟಿತೆಂದು ಕೈಗೆ ತಿಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಕೆಳಗಿಳಿಯುವಾಗ ಗೋಡೆ ಹಿಡಿದುಕೊಂಡೇ ಇಳಿದೆ.

ಸುಶೀಲಮ್ಮ ಬಟಾಣಿ ಬಿಡಿಸುತ್ತಿದ್ದರು. "ಯಾರೂ ಇಲ್ಲ," ಎಂದೆ.

"ಹೂಂ. ಹಾಜರಿ ಬಂತಲ್ಲ, ಬಿಡಿ," ಎಂದರು.

ಒಂಬತ್ತನೆಯ ದಿನ, ಮಂಗಳವಾರ, ಆರರವರೆಗೆ ಸರಿಯಾಗಿ ಬಂತು. ಆಮೇಲೆ ಒಂದು ನಿಮಿಷ ಏನೂ ಇಲ್ಲ. ಅನಂತರ ಏಳು ಪೆಟ್ಟು, ಬೇಗಬೇಗನೆ. ಎಂಟು ಬರಲಿಲ್ಲ.

ಖಾಲಿ ಮನೆಯಿಂದ ಸದ್ದು ಬರಲಿಲ್ಲವೆಂದು ನನಗೆ ಹಗುರವೆನಿಸಿತು. ಅಷ್ಟರಲ್ಲಿ ಸುಶೀಲಮ್ಮ ಕಂಬಿ ಹಿಡಿದು ಏದುಸಿರು ಬಿಡುತ್ತ ಹತ್ತಿಬರುವುದು ಕೇಳಿಸಿತು. ಕೈಯಲ್ಲಿ ಡಬ್ಬಿ.

"ಏಳನೇ ಮನೆ! ಓಡಿ, ನಂಗಾಗಲ್ಲ!"

"ಏಳು ಬಂತಲ್ಲಮ್ಮ?"

"ಆ ಏಳು ಅವರ ಕೈಯಲ್ಲ! ಏಳಕ್ಕೂ ಎಂಟಕ್ಕೂ ದಿನಾ ಒಂದೇ ಕೈ. ಇವತ್ತು ಎಂಟಿಲ್ಲ. ಏಳನ್ನ ಯಾರೋ ಬೇರೆಯವರು ತಟ್ಟಿದ್ದಾರೆ!"

ಐದನೆಯ ಮನೆಯ ಬಾಗಿಲಲ್ಲಿ ಚಮಚ ಹಿಡಿದೇ ನಿಂತಿದ್ದ ಸಂದೀಪ್ ಮುಂದೆ ಬಂದ. "ನಾನು ಆಂಟಿ. ಅಂಕಲ್ ಮಲಗಿರ್ತಾರೆ, ಈ ಚಳೀಲಿ ನೀವು ಸುಮ್ನೆ ಮೂರು ಮಹಡಿ ಹತ್ತೋದು ಬೇಡ ಅಂತ..."

ಏಳನೆಯ ಮನೆ ನಿವೃತ್ತ ಸೆಕ್ಷನ್ ಆಫೀಸರ್ ಅಶ್ವತ್ಥನಾರಾಯಣ ಅವರದು. ಹೆಂಡತಿ ಸರಳಾ ಹದಿನೈದು ದಿನಕ್ಕೆ ಮೈಸೂರಿಗೆ ಹೋಗಿದ್ದರು. ಡಬ್ಬಿಯ ಬೀಗದ ಕೈ ತಿರುಗಿತು, ಮೇಲ್ಚಿಲಕ ಹಾಕಿರಲಿಲ್ಲ. ಬಚ್ಚಲಮನೆಯಲ್ಲಿ ನೀರು ಬೀಳುವ ಸದ್ದು ಬಿಟ್ಟರೆ ಇಡೀ ಮನೆ ನಿಶ್ಶಬ್ದ. ಸಂದೀಪ್ ಭುಜ ಕೊಟ್ಟು ಆ ಬಾಗಿಲು ಮುರಿದ. ಗ್ಯಾಸ್ ಗೀಸರ್ ಉರಿಯುತ್ತಿತ್ತು. ಚಳಿಗೆಂದು ಕಿಟಕಿಯ ಸಂದಿಗೆಲ್ಲ ಹಳೆಯ ಪೇಪರ್ ತುರುಕಿತ್ತು. ಅವರು ನೆಲದ ಮೇಲಿದ್ದರು, ಕೆನ್ನೆ ಕೆಂಪಗೆ, ಆರೋಗ್ಯವಂತರ ಹಾಗೆ. ಮುಚ್ಚಿದ ಕೋಣೆಯಲ್ಲಿ ಗೀಸರ್ ಉಗುಳುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಎಳೆದು ತಂದು ಮೆಟ್ಟಿಲ ಗಾಳಿಗೆ ಮಲಗಿಸಿದೆವು. ಉಸಿರಿತ್ತು. ಇನ್ನು ಹತ್ತು ನಿಮಿಷ ಕಳೆದಿದ್ದರೆ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಸಂಜೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಖವಾಡ ಸರಿಸಿ ಅವರು ಸುಶೀಲಮ್ಮನಿಗೆ ಹೇಳಿದರು: "ಎದುರು ಬಾಗಿಲು ನಂದು. ಮೂರು ದಿನ ಆ ಹಾಲಿನ ಚೀಲ ನೋಡಿಕೊಂಡೇ ವಾಕಿಂಗ್ ಹೋದೆ. ಆಫೀಸಲ್ಲಿ ಬರದೇ ಇದ್ದವರ ಹಾಜರಿ ಎಷ್ಟೋ ಸಲ ನಾನೇ ಹಾಕಿದ್ದೀನಿ. ಗಿರಿಜಮ್ಮಂದೂ ಹಾಕೋಣ ಅನ್ನಿಸ್ತು. ಸರಳಾ ಇದ್ದಿದ್ರೆ ಬಿಡ್ತಿರಲಿಲ್ಲ."

"ಗೊತ್ತಿತ್ತು. ಮಾತಾಡಬೇಡಿ, ಮಲಗಿ," ಎಂದರು ಸುಶೀಲಮ್ಮ.

ನಾವು ಹಿಂತಿರುಗಿದಾಗ ಕಾರ್ಯದರ್ಶಿ ಮೆಟ್ಟಿಲ ಬುಡದಲ್ಲಿ ತನ್ನ ನೋಟಿಸನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಎದ್ದು ನಿಂತು ಕೈ ಮುಗಿದ. "ಆಂಟೀಜೀ, ನಮ್ಮ ಬ್ಲಾಕಿಗೂ ಬಂದು ಹೇಳಿಕೊಡಿ."

"ಚಾವಿ ಕೊಡ್ತೀಯಾ ಭಯ್ಯಾ?"

ಅವನು ಜೇಬಿಗೆ ಕೈ ಹಾಕಿ, ಮನೆಯ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಅಲ್ಲೇ ಡಬ್ಬಿಗೆ ಹಾಕಿದ.

ಮರುದಿನ ಬೆಳಿಗ್ಗೆಯೂ ಅದೇ ಮಂಜು. ಒಂದರಿಂದ ಆರರವರೆಗೆ ಎಣಿಕೆ ಮುಗಿಯಿತು. ಮೂರನೆಯ ಮಹಡಿಯ ಏಳು, ಎಂಟು ಎರಡೂ ಮನೆಗಳಿಗೆ ಬೀಗ. ನಾನು ಚಮಚ ಕೆಳಗಿಟ್ಟೆ. ಆಗ ಪೈಪಿನಲ್ಲಿ ಒಂದು ಪೆಟ್ಟು ಕೇಳಿತು. ತಕ್ಷಣ ಚಮಚ ಎತ್ತಿಕೊಂಡು ಎರಡನೆಯದಕ್ಕೆ ಸೇರಿದೆ. ಎಲ್ಲ ಮನೆಗಳೂ ಸೇರಿದ್ದವು. ಎಂಟನೆಯದರ ಹೊತ್ತಿಗೆ ಕಪಾಟಿನ ತಟ್ಟೆಗಳು ಅದುರಿದವು.

ಒಬ್ಬೊಬ್ಬರಾಗಿ ಮೆಟ್ಟಿಲಿಗೆ ಬಂದೆವು. ಸುಶೀಲಮ್ಮ ಕೆಳಗಿನಿಂದ ಕೂಗಿ ಕೇಳಿದರು, "ಯಾರು ಶುರು ಮಾಡಿದ್ದು?"

ಸಂದೀಪ್ ನನ್ನನ್ನು ನೋಡಿದ. ನಾನು ನಾಲ್ಕನೆಯ ಮನೆಯವರನ್ನು ನೋಡಿದೆ. ಮನೆ ಮನೆಯನ್ನೂ ವಿಚಾರಿಸಿದೆವು. ಎಲ್ಲರೂ ಮೊದಲ ಪೆಟ್ಟು ಕೇಳಿದ ಮೇಲೆಯೇ ಸೇರಿದ್ದರು. ಸುಶೀಲಮ್ಮನೂ.

ಅವರು ಸ್ವಲ್ಪ ಹೊತ್ತು ಮೇಲೆ ನೋಡಿದರು. ಆಮೇಲೆ ಹೊಸ ಬೀಗದ ಕೈಗೆ ಕೆಂಪು ದಾರ ಕಟ್ಟಿ, ಡಬ್ಬಿ ಮುಚ್ಚಿ, ಮಂಡಿ ಒತ್ತಿಕೊಂಡು ಕಾರ್ಯದರ್ಶಿಯ ಬ್ಲಾಕಿನ ಕಡೆಗೆ ಮಂಜಿನೊಳಗೆ ನಡೆದುಹೋದರು.